ಬೀರುವಿನ ಜಾಗ

ನವೆಂಬರ್ 6
ಬ್ಯಾಂಕ್ ಮೇಡಂ ಮನೆಯಲ್ಲಿ ಇವತ್ತು ಸ್ವಿಚ್ ಹಾಕಿದೆ. ಟೈಲ್ಸ್ ಕೆಳಗೆ ನಾನು ಹಾಸಿದ ಕರೆಂಟಿನ ಕೇಬಲ್ ಕಾದು, ಸ್ವಲ್ಪ ಹೊತ್ತಿನಲ್ಲೇ ನೆಲ ಬೆಚ್ಚಗಾಯಿತು. ಮೇಡಂ ಬರಿಗಾಲಲ್ಲಿ ಓಡಾಡಿದರು. "ನಿಮ್ಮನೇಲೂ ಹೀಗೇ ಇರ್ಬೇಕಲ್ವಾ?" ಹ್ಞೂಂ ಅಂದೆ. ಸುಳ್ಳು.

ಮನೆಗೆ ಬಂದು ಎರಡು ಜೊತೆ ಸಾಕ್ಸ್ ಹಾಕಿಕೊಂಡೆ. ಹೆಂಡತಿ ತನ್ನ ತಂಗಿಯ ಮನೆ ಸೇರಿ ಹತ್ತು ತಿಂಗಳು. ಮಂಡಿನೋವು, ಮಲಗುವ ರೂಮಿನ ನೆಲವನ್ನಾದರೂ ಬಿಸಿ ಮಾಡಿಕೊಡಿ ಅಂತ ಹನ್ನೊಂದು ವರ್ಷ ಕೇಳಿದಳು. ಮುಂದಿನ ಚಳಿಗಾಲ, ಮುಂದಿನ ಚಳಿಗಾಲ... "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದು ಹೊರಟೇಹೋದಳು. ತವರಿನಿಂದ ತಂದಿದ್ದ ಬೀರುವನ್ನೂ ಟೆಂಪೋಗೆ ಹಾಕಿಸಿಕೊಂಡಳು.

ನವೆಂಬರ್ 8
ರಜೆ ಹಾಕಿದೆ. ನಮ್ಮ ರೂಮಿನ ನೆಲ ಒಡೆದೆ.

ನವೆಂಬರ್ 10
ಕೇಬಲ್ ದಾರಿ ಗುರುತು ಮಾಡಲು ಸೀಮೆಸುಣ್ಣ ಹಿಡಿದು ಬೆಳಗೆಲ್ಲ ಕೂತೆ. ಕಾಲಿಲ್ಲದ ಬೀರುವಿನ ಕೆಳಗೆ ಕೇಬಲ್ ಹಾಕುವಂತಿಲ್ಲ. ಶಾಖಕ್ಕೆ ದಾರಿ ಇಲ್ಲದೆ ಸುಟ್ಟುಹೋಗುತ್ತದೆ. ಗಿರಾಕಿಗಳನ್ನು ಮೊದಲು ಕೇಳುವುದೇ ಅದು — ಬೀರು ಎಲ್ಲಿಡ್ತೀರಿ?

ಇಲ್ಲಿ ಬೀರುವೇ ಇಲ್ಲ. ಪೂರ್ತಿ ಹಾಸಿಬಿಡಬಹುದು. ಹಾಸಿದರೆ, ಅವಳಿನ್ನು ಬರುವುದಿಲ್ಲ ಅಂತ ನಾನೇ ಬರೆದುಕೊಟ್ಟಂತೆ.

ಮೊದಲು ಬಾಗಿಲ ಪಕ್ಕ ಇತ್ತು. ಅವಳಿಗೆ ಕಿಟಕಿಯ ಹತ್ತಿರ ಬೇಕಿತ್ತು, ಬೆಳಕಲ್ಲಿ ಬಟ್ಟೆಯ ಬಣ್ಣ ಸರಿಯಾಗಿ ಕಾಣುತ್ತದೆ ಅಂತ. ಒಂದು ದಿನವೂ ಕಿವಿಗೆ ಹಾಕಿಕೊಂಡವನಲ್ಲ. ಇವತ್ತು ಕಿಟಕಿಯ ಹತ್ತಿರ ಜಾಗ ಬಿಟ್ಟೆ.

ನವೆಂಬರ್ 13
ಟೈಲ್ಸ್ ಕೂತವು. ಮೀಟರ್ ಹಿಡಿದು ನೋಡಿದೆ, ಕೇಬಲ್ ಸರಿ ಇದೆ. ಗಾರೆ ಒಣಗಲು ಇಪ್ಪತ್ತೆಂಟು ದಿನ, ಅಲ್ಲಿಯವರೆಗೆ ಸ್ವಿಚ್ ಮುಟ್ಟಬಾರದು. ಗಿರಾಕಿಗಳಿಗೆ ಎಷ್ಟು ಸಲೀಸಾಗಿ ಹೇಳುತ್ತೇನೆ.

ನವೆಂಬರ್ 26
ಮುಟ್ಟಿಲ್ಲ. ಅವಳ ದನಿ ಕೇಳಬೇಕು ಅನ್ನಿಸುತ್ತಿದೆ. ಬೈಗುಳವಾದರೂ ಸರಿ.

ಡಿಸೆಂಬರ್ 11
ಸ್ವಿಚ್ ಹಾಕಿದೆ. ಫೋನೂ ಮಾಡಿದೆ. "ರೂಮಿನ ನೆಲ ಮಾಡಿದೀನಿ. ಒಂದ್ಸಲ ಬಂದು ನೋಡ್ಕೊಂಡು ಹೋಗು."
"ಈಗ ನೆನಪಾಯ್ತಾ?" ಅಂದಳು. ಆಮೇಲೆ, "ನೋಡೋಣ."

ಡಿಸೆಂಬರ್ 14, ಸಂಜೆ
ಬಂದಿದ್ದಳು. ಚಪ್ಪಲಿ ಬಿಟ್ಟು, ಸಾಕ್ಸ್ ಬಿಚ್ಚಿ, ಗೋಡೆಯಿಂದ ಗೋಡೆಗೆ ನಡೆದಳು. ಕಿಟಕಿಯ ಹತ್ತಿರ ನಿಂತಳು.
"ಇಲ್ಲಿ ತಣ್ಣಗಿದೆಯಲ್ರೀ. ಕೆಟ್ಟಿದ್ಯಾ?"
"ಕೆಟ್ಟಿಲ್ಲ. ನಿನ್ನ ಬೀರುಗೆ ಅಂತ ಬಿಟ್ಟಿದ್ದು."
ಕಾಲ್ಬೆರಳಿಂದ ಆ ಜಾಗದ ಅಂಚು ಹುಡುಕಿದಳು. "ಕಿಟಕಿ ಹತ್ರ," ಅಂದಳು ಮೆಲ್ಲಗೆ. "ಬೀರು ತಂಗಿಗೆ ಕೊಟ್ಬಿಟ್ಟೆ. ಅವಳ ಬಟ್ಟೆ ತುಂಬ್ಕೊಂಡಿದಾಳೆ."

ಟೀ ಕುಡಿದು ಐದರ ಬಸ್ಸಿಗೆ ಹೋದಳು. ಇನ್ನು ಅಲ್ಲಿ ಕೇಬಲ್ ಹಾಕಬೇಕೆಂದರೆ ಮತ್ತೆ ನೆಲ ಒಡೆಯಬೇಕು. ಒಡೆಯುವುದಿಲ್ಲ. ರೂಮೆಲ್ಲ ಬೆಚ್ಚಗಿದೆ, ನಾನು ಹೋಗಿ ಹೋಗಿ ಆ ತಣ್ಣನೆ ಜಾಗದಲ್ಲೇ ಕೂತಿದ್ದೇನೆ.

ಡಿಸೆಂಬರ್ 17, ಬೆಳಿಗ್ಗೆ 11
ಫೋನ್. ಅವಳೇ. "ಫರ್ನಿಚರ್ ಅಂಗಡೀಲಿದೀನಿ. ಕಿಟಕಿ ಹತ್ರ ಎಷ್ಟು ಅಗಲ ಬಿಟ್ಟಿದೀರಿ?"
"ಮೂರೂವರೆ ಅಡಿ."
ಅಂಗಡಿಯವನಿಗೆ ಅದನ್ನೇ ಹೇಳಿದ್ದು ಕೇಳಿಸಿತು. ಆಮೇಲೆ ನನಗೆ, "ಗೋಡೆಯಿಂದ ಮುಂದಕ್ಕೆ?"
ದಿನಾ ಅಳತೆ ಹೇಳುವ ಬಾಯಿ. ತಡವರಿಸಿತು. ಅಳೆದು ಹೇಳ್ತೀನಿ ಅಂದೆ.
"ಕಾಯ್ತೀನಿ. ನಿಧಾನಕ್ಕೆ ಅಳೀರಿ."
ಟೇಪು ಹಿಡಿದಿದ್ದೇನೆ, ತಪ್ಪು ಹೇಳಿಬಿಟ್ಟೇನು. ಇಲ್ಲೇ ಬರೆದುಕೊಳ್ಳುತ್ತೇನೆ — ಅಗಲ ಮೂರೂವರೆ, ಗೋಡೆಯಿಂದ ಮುಂದಕ್ಕೆ...