ಮೂರನೆಯ ಬ್ರಿಡ್ಜ್

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನೀನು ಕಳಿಸಿದ ಡಬ್ಬಿ ಬಂದು ವಾರವಾಯಿತು. ಫೋನ್ ಮಾಡಿ ಒಂದು ಮಾತು ಹೇಳಲಿಲ್ಲ ಅಂತ ಬೇಜಾರಾಗಿರಬೇಕು. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ಮತ್ತೊಂದು ಸುಳ್ಳು ಪೋಣಿಸುತ್ತೇನೆ ಅನ್ನಿಸಿ ಬರೆಯಲು ಕೂತಿದ್ದೇನೆ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ, ಬೈಯಬೇಡ.

ಡಬ್ಬಿ ಬಿಚ್ಚಿದ್ದು ನನ್ನವಳು. ಮೂರು ಬ್ರಿಡ್ಜುಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಇದೇನು ಬಾಗಿಲಿಗೆ ಹಾಕೋ ಚಿಲಕವಾ ಅಂತ ಕೇಳಿದಳು. ಗಿಟಾರಿನ ಆರೂ ತಂತಿ ಬಂದು ಕೂರುವ ಜಾಗ ಇದು, ನುಡಿಸುವವನ ಬಲಗೈ ಒರಗುವುದೂ ಇದರ ಮೇಲೇ ಅಂದೆ. ನಾನು ಅಂಗೈ ಇಟ್ಟು ನೋಡಲಿ ಅಂತ ನೀನು ಒಂದೊಂದನ್ನೂ ಒಂದೊಂದು ಮರದ ತುಂಡಿಗೆ ಕೂರಿಸಿ, ತಂತಿ ಬಿಗಿದು, ಅಂಚನ್ನೆಲ್ಲ ಉಜ್ಜಿ ನುಣುಪು ಮಾಡಿ ಕಳಿಸಿದ್ದೀಯ. ಒಲೆಗೆ ಹಾಕುವ ತುಂಡಿಗೂ ಇಷ್ಟು ಉಪಚಾರ ಮಾಡುವವಳು ನೀನು. ಜೊತೆಗಿದ್ದ ಚೀಟಿಯಲ್ಲಿ, ಈ ಸಲ ನೀನೇ ಆರಿಸು, ಇದೂ ಸರಿಬರದಿದ್ದರೆ ಗಿಟಾರಿನ ಸಹವಾಸ ಬಿಟ್ಟು ಮೊದಲಿನ ಹಾಗೆ ಕಪಾಟು ಮಾಡಿಕೊಂಡಿರುತ್ತೇನೆ ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ಅಕ್ಕ, ನೀನು ಮೊದಲು ಹಾಕಿದ ಬ್ರಿಡ್ಜ್ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ನನ್ನ ಕೈ.

ಗಿಟಾರಿಗೆ ಮರ ಕೊಯ್ಯುವಾಗಲೇ ನೀನು ಹೇಳಿದ್ದೆ, ಅಲುಗಾಡದ ಬ್ರಿಡ್ಜ್ ಸಾಕು ಕಣೋ, ತಿರುಪು ಬಿಗಿದು ಕೂರಿಸಿದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಶ್ರುತಿ ನಿಲ್ಲುತ್ತೆ, ಆ ತೇಲೋ ಬ್ರಿಡ್ಜಿನ ಕಡ್ಡಿ ಹಿಡಿದು ಸ್ವರ ಬಾಗಿಸೋ ಚಪಲ ನಿನಗೆ ಯಾವತ್ತಿತ್ತು ಅಂತ. ಹಠ ಹಿಡಿದವನು ನಾನು. ಈ ವಯಸ್ಸಲ್ಲಾದರೂ ಹೊಸದೇನಾದರೂ ಕಲಿಯೋಣ ಅಂತ ಆಸೆ ಅಂದೆ. ನೀನು ನಕ್ಕು, ಗಿಟಾರಿನ ಬೆನ್ನಿಗೆ ಗುಳಿ ಕೊರೆದು, ಸ್ಪ್ರಿಂಗ್ ಕಟ್ಟಿ, ತಕ್ಕಡಿಯ ಹಾಗೆ ತೂಗುವ ಬ್ರಿಡ್ಜ್ ಕೂರಿಸಿಕೊಟ್ಟೆ. ಅಂಗೈ ಒಂಚೂರು ಒತ್ತಿದರೂ ಶ್ರುತಿ ಏರುತ್ತೆ, ಹಗುರವಾಗಿ ಇಡು ಅಂತ ಎಚ್ಚರಿಸಿಯೂ ಇದ್ದೆ.

ನನ್ನ ಬಲಗೈ ನಡುಗುತ್ತದೆ ಅಕ್ಕ. ಗಿಟಾರ್ ಕೈಗೆ ಬಂದ ಮೇಲೆ ಶುರುವಾಯಿತು. ಸುಮ್ಮನೆ ಒರಗಿಸಿ ಇಟ್ಟುಕೊಂಡಾಗಲೇ ಜಾಸ್ತಿ. ಕೈ ನಡುಗಿದರೆ ಬ್ರಿಡ್ಜ್ ನಡುಗುತ್ತದೆ, ಬ್ರಿಡ್ಜ್ ನಡುಗಿದರೆ ಆರೂ ತಂತಿ ಒಟ್ಟಿಗೆ ಅಪಸ್ವರ ಹೇಳುತ್ತವೆ.

ನಮ್ಮ ತಂಡದ ಕಾರ್ಯಕ್ರಮದ ದಿನ ಸಭಾಂಗಣದಲ್ಲಿ ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ, ಉಗುರಿನ ಸಂದಿನ ಬಣ್ಣವನ್ನೂ ಉಜ್ಜಿ ತೊಳೆದುಕೊಂಡು ಬಂದಿದ್ದೆ. ಎರಡನೆಯ ಹಾಡಿಗೇ ಸ್ವರ ಅಲೆದಾಡತೊಡಗಿತು. ನಾನು ಮೈಕಿಗೆ ಬಾಯಿಟ್ಟು, ಇದು ನಮ್ಮಕ್ಕ ಮಾಡಿದ ಗಿಟಾರು, ಇನ್ನೂ ಅರೆಬೆಂದಿದೆ, ಸಹಿಸಿಕೊಳ್ಳಿ ಅಂದೆ. ಜನ ನಕ್ಕರು. ನೀನೂ ನಕ್ಕೆ. ಬಿಡುವಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ವೇದಿಕೆ ಹತ್ತಿ, ಅಷ್ಟು ಜನರ ಎದುರು ಗಿಟಾರನ್ನು ಬೋರಲು ಹಾಕಿಕೊಂಡು ಸ್ಪ್ರಿಂಗ್ ಬಿಗಿ ಮಾಡುತ್ತಾ, ತಪ್ಪಾಯ್ತು ಕಣೋ, ನಿನ್ನ ಮರ್ಯಾದೆ ತೆಗೆದೆ ಅಂತ ಮೆಲ್ಲಗೆ ಅಂದೆ. ನಾನು, ಪರವಾಗಿಲ್ಲ ಬಿಡು ಅಂದೆ. ಬೇರೆ ಯಾವುದನ್ನು ಮರೆತರೂ ನಾನು ಹಾಗೆ ದೊಡ್ಡ ಮನಸ್ಸು ತೋರಿಸಿದ್ದನ್ನು ಮರೆಯಲಾರೆ.

ನಮ್ಮ ಹಾಡುಗಾರ್ತಿ ನಿನ್ನ ಹತ್ತಿರ ಗಿಟಾರ್ ಮಾಡಿಸುತ್ತೇನೆ ಅಂದವಳು ಬೇಡ ಅಂದಳಲ್ಲ, ಅದೂ ನನ್ನಿಂದಲೇ. ಅವಳಿಗೆ ಈಗ ಅನುಕೂಲವಿಲ್ಲವಂತೆ ಅಂತ ನಿನಗೆ ಹೇಳಿದ್ದು ನಾನು ಕಟ್ಟಿದ ಕಥೆ. ಮಾಡಿಸಲಾ ಅಂತ ಅವಳು ನನ್ನನ್ನು ಕೇಳಿದಳು. ಸ್ವಲ್ಪ ಯೋಚನೆ ಮಾಡು ಅಂದೆ. ಸ್ವಂತ ತಮ್ಮನೇ ಹಾಗಂದ ಮೇಲೆ ಅವಳು ಯೋಚನೆ ಮಾಡುವುದೇನಿತ್ತು.

ನಾನು ಸಿಕ್ಕಿಬಿದ್ದದ್ದು ಡ್ರಮ್ ಬಾರಿಸುವವನಿಗೆ. ತಾಲೀಮಿನ ಕೋಣೆಯಲ್ಲಿ ಬ್ರಿಡ್ಜಿಗೆ ಶಾಪ ಹಾಕಿ ಚಹಾ ತರಲು ಹೋಗಿದ್ದೆ. ವಾಪಸ್ ಬರುವಾಗ ಬಾಗಿಲಾಚೆಯಿಂದ ನನ್ನ ಗಿಟಾರ್ ಕೇಳಿಸಿತು. ಅವನಿಗೆ ಬರುವುದೇ ಒಂದೆರಡು ವರಸೆ, ಆದರೆ ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅವನ ದಪ್ಪ ಅಂಗೈ ಬ್ರಿಡ್ಜಿನ ಮೇಲೆ ಆರಾಮಾಗಿ ಒರಗಿತ್ತು. ನಾನು ಹಿಡಿದಿದ್ದ ತಟ್ಟೆಯಲ್ಲಿ ಲೋಟಗಳು ಕಟಕಟ ಅನ್ನುತ್ತಿದ್ದವು. ಅವನು ತಟ್ಟೆ ಇಸಿದುಕೊಂಡು ಕೆಳಗಿಟ್ಟ. ಬ್ರಿಡ್ಜನ್ನ ಅಕ್ಕನಿಗೆ ತೋರಿಸಿದ್ದು ಸಾಕು ಗುರು, ಕೈಯನ್ನ ಡಾಕ್ಟರಿಗೆ ತೋರಿಸು ಅಂದ. ಬೇರೆ ಯಾರಿಗೂ ಹೇಳಲಿಲ್ಲ, ಪುಣ್ಯಾತ್ಮ.

ನಿನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಮೂರರ ಮೇಲೂ ಕೈಯಿಟ್ಟು ನೋಡಿದೆ. ಮೊದಲನೆಯದು ಗಡುಸು ಸ್ಪ್ರಿಂಗಿನದು, ಆದರೂ ನಡುಗಿತು. ಎರಡನೆಯದಕ್ಕೆ ಕಬ್ಬಿಣದ ದಪ್ಪ ಗಟ್ಟಿ ಜೋಡಿಸಿದ್ದೀಯ, ಅದೂ ಮೆಲ್ಲಗೆ ನಡುಗಿತು. ಮೂರನೆಯದು ಮರಕ್ಕೆ ಕಚ್ಚಿಕೊಂಡು ಕೂತದ್ದು. ಕೈ ತನ್ನ ಪಾಡಿಗೆ ನಡುಗುತ್ತಿತ್ತು, ಅದು ಸುಮ್ಮನಿತ್ತು. ನಾನು ಕೇಳದೇ ಇದ್ದರೂ ಅದನ್ನು ಯಾಕೆ ಸೇರಿಸಿದೆ ನೀನು? ವೇದಿಕೆಯ ಮೇಲೆ ಅಷ್ಟು ಹತ್ತಿರ ನಿಂತಿದ್ದವಳು ಏನಾದರೂ ಕಂಡೆಯಾ? ಕಂಡೂ ತಪ್ಪಾಯ್ತು ಅಂದೆಯಾ? ಯೋಚಿಸಿದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ.

ಮೂರನೆಯದನ್ನೇ ಹಾಕು. ಬೆನ್ನಿನ ಗುಳಿಗೆ ಮರ ಹೊಂದಿಸಿ ತುಂಬಬೇಕು, ಎಷ್ಟು ಉಜ್ಜಿದರೂ ತೇಪೆ ಕಾಣುತ್ತದೆ ಅಂತ ನಿನಗೆ ಸಂಕಟವಾಗುತ್ತದೆ. ಕಾಣಲಿ. ಹಾಡುಗಾರ್ತಿಯ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ಅವಳು ನನ್ನ ಕೈ ನೋಡಿ, ನಿಮ್ಮಕ್ಕನ ನಂಬರ್ ಇನ್ನೊಮ್ಮೆ ಕೊಡಿ ಅಂದಳು. ಈ ವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ನನ್ನವಳನ್ನೂ ಕರೆದುಕೊಂಡು. ಅವಳಿಗೆ ಇವತ್ತು ಸಂಜೆ ಹೇಳಬೇಕು.

ಕಪಾಟು ಮಾಡುವ ಮಾತು ಇನ್ನೊಮ್ಮೆ ಆಡಬೇಡ ಅಕ್ಕ.

ನಿನ್ನ ಮುಂದೆ ತಲೆಯೆತ್ತಲಾರದ,
ತಮ್ಮ

ಹೇಳದೇ ಉಳಿದದ್ದು: ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ. ನಡುಕ ಶುರುವಾದದ್ದು ಗಿಟಾರ್ ಬಂದ ಮೇಲಲ್ಲ. ಮಾಡಿಕೊಡು ಅಂತ ಕೇಳಲು ನಿನ್ನ ಕಾರ್ಖಾನೆಗೆ ಬಂದ ದಿನವೇ ಇತ್ತು, ಅವತ್ತು ಜೇಬಿನಿಂದ ಕೈ ತೆಗೆಯಲೇ ಇಲ್ಲ. ತೇಲುವ ಬ್ರಿಡ್ಜೇ ಬೇಕು ಅಂದದ್ದು ಅದಕ್ಕೇ. ಸ್ವರ ನಡುಗಿದರೆ ಕೇಳಿದವರು, ಬೇಕಂತಲೇ ನಡುಗಿಸುತ್ತಿದ್ದಾನೆ ಅಂದುಕೊಳ್ಳಲಿ ಅಂತ. ನೀನೊಬ್ಬಳು ಹಾಗಂದುಕೊಂಡಿದ್ದರೂ ನನಗೆ ಸಾಕಿತ್ತು.