ಬಾಬಾ ಅವಸರ ಮಾಡಿದ ಮಧ್ಯಾಹ್ನ

ತಿನ್‌ಮೂಸಿ, ಗುರುವಾರ
೧೧ ಫೆಬ್ರವರಿ ೧೯೮೮

ನನ್ನ ಅಕ್ಕ, ಲಾಲಾ ಮಸಊದ,

ನಿನಗೂ ಭಾವನಿಗೂ ಮಕ್ಕಳಿಗೂ ಸಲಾಂ. ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮಗು ಅತ್ತಿತು ಎಂದು ಎದ್ದೆ; ಅಳದಿದ್ದಾಗಲೂ ಎದ್ದೆ. ತಡವಾದದ್ದಕ್ಕೆ ಬೇಸರಪಡಬೇಡ. ಸಫಿಯಳಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ನನ್ನ ಹಾಲು ಬತ್ತುತ್ತಿದೆ. ಆಡಿನ ಹಾಲಿಗೆ ನೀರು ಬೆರೆಸಿ ಕುಡಿಸುತ್ತೇನೆ. ಅವಳು ಮಲಗಿದರೆ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತೇನೆ, ಮತ್ತೆ ಮತ್ತೆ ನೋಡುತ್ತೇನೆ. ನನಗೆ ನಿದ್ದೆಯೇ ಇಲ್ಲ.

ನಮ್ಮ ಬಾಬಾನ, ಹೆತ್ತ ಅಪ್ಪನ ಹೆಸರು ಎತ್ತಬೇಡ ಎಂದು ಬರೆದಿದ್ದೀಯ. ನಿನ್ನ ಮೈದುನ ಮುಬಾರಕ್‌ನನ್ನು ಕಳೆದುಕೊಂಡ ಮನೆ ಅದು; ಮಗ ಸತ್ತ ಅತ್ತೆಯ ಎದುರು ನೀನಾದರೂ ಏನು ಹೇಳೀಯೆ? ಆದರೂ ಬರೆಯುತ್ತೇನೆ. ದೂರದ ಬಶಾರಿನಲ್ಲಿ ನೀನು ಕೇಳಿದ್ದು ಕೊನೆಯ ಒಂದು ಗಳಿಗೆಯ ಸುದ್ದಿ. ಮೊದಲ ಎರಡು ದಿನದ್ದನ್ನು ನಿನಗೆ ಯಾರೂ ಹೇಳಿರಲಾರರು.

ಜನವರಿ ಮೊದಲ ಮಂಗಳವಾರ ಫೊಗ್ಗಾರದ ಕಾಲುವೆಯ ಹೂಳೆತ್ತಲು ಇಳಿದವರು ಇಬ್ಬರು: ನನ್ನ ಗಂಡ ಬೂಜೆಮಾ, ಮತ್ತೆ ಫತ್ತೂಮಳ ಮಗ ಬರ್ಕ. ಬಾವಿ ಇಳಿದು, ನೆಲದಡಿಯ ಕಾಲುವೆಯಲ್ಲಿ ಬಗ್ಗಿಕೊಂಡು ಮುಂದೆ ಹೋಗಿದ್ದರು. ಹಿಂದೆ ಚಾವಣಿ ಕುಸಿಯಿತು. ಮುಂದಿನ ಬಾವಿ ಎಂದೋ ಮರಳು ತುಂಬಿ ಮುಚ್ಚಿಹೋಗಿದೆ. ಇನ್ನು ಇದ್ದದ್ದು ಒಂದೇ ದಾರಿ, ಕುಸಿದ ಮಣ್ಣಿನ ಮೂಲಕ.

ನೀರಿನ ಹಿರಿಯ ಬಾಬಾ ತಾನೇ. ಅವರು ಬಾವಿಯ ಬಾಯಲ್ಲಿ ಕೂತು ಅಪ್ಪಣೆ ಕೊಟ್ಟರಷ್ಟೇ ಹಗ್ಗ ಇಳಿಯಬೇಕು, ಏರಬೇಕು. ಅಗೆಯಲು ಮುಬಾರಕ್‌ನನ್ನು ಇಳಿಸಿದರು. ಅವನಷ್ಟು ಹದವಾದ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಮೂರು ಬುಟ್ಟಿ ಮಣ್ಣು ತೆಗೆದರೆ ಚಾವಣಿಗೆ ಒಂದು ಖರ್ಜೂರದ ದಿಮ್ಮಿ ಆನಿಸಬೇಕು. ಆಮೇಲೆ ಕೈಕಟ್ಟಿ ಕೂತು ಮಣ್ಣು ಉದುರುವ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಮುಬಾರಕ್ ಕೆಳಗಿನಿಂದ "ನಿಂತಿತು" ಎಂದು ಕೂಗಿದ ಮೇಲೆ ಮತ್ತೆ ಮೂರು ಬುಟ್ಟಿ.

ಊರೆಲ್ಲ ಅಲ್ಲಿತ್ತು. ಫತ್ತೂಮ ಬಾಬಾನ ಮುಂದೆ ನಿಂತು, "ಏನು ಅಲ್ಲಾಲ್, ಮಣ್ಣು ತೆಗೀತಿದೀಯೋ, ಮದುವಣಗಿತ್ತಿ ಶಾಲಿಗೆ ಕಸೂತಿ ಹಾಕ್ತಿದೀಯೋ? ಒಳಗಿರೋನು ನನ್ನ ಮಗ ಕಣೋ!" ಎಂದಳು.

"ಬೈಯಿ ಫತ್ತೂಮ, ಚೆನ್ನಾಗಿ ಬೈಯಿ. ನೀನು ಬೈದ್ರೆ ನನ್ನ ಮರ್ಯಾದೆ ಕುಸಿಯುತ್ತೆ, ಅಷ್ಟೆ. ನಾನು ಅವಸರ ಮಾಡಿದ್ರೆ ಚಾವಣಿನೇ ಕುಸಿಯುತ್ತೆ."

ತಯ್ಯಿಬ್ ಗೊತ್ತಲ್ಲ, ದೊಡ್ಡ ತೋಟದವನು. "ನಾಲ್ಕು ಜನ ಒಟ್ಟಿಗೆ ಅಗೆದ್ರೆ ಸಂಜೆಯೊಳಗೆ ಮುಗಿಯುತ್ತೆ ಅಲ್ಲಾಲ್" ಎಂದ.

"ಮುಗಿಯುತ್ತೆ ತಯ್ಯಿಬ್. ಎಲ್ಲಾ ಮುಗಿಯುತ್ತೆ" ಎಂದರು ಬಾಬಾ, ತಲೆ ಎತ್ತದೆ.

ಎರಡನೆಯ ದಿನ ಮಧ್ಯಾಹ್ನ ಒಬ್ಬ ತೆವಳುವಷ್ಟು ಸಂದಿಯಾಯಿತು. ಬರ್ಕ ಜೀವಂತ ಮೇಲೆ ಬಂದ, ರೆಪ್ಪೆಯವರೆಗೂ ಮಣ್ಣು. ಫತ್ತೂಮ ಬಾಬಾನ ರುಮಾಲಿಗೆ ಮುತ್ತಿಟ್ಟಳು. ಬರ್ಕ ನನ್ನ ಕಡೆ ತಿರುಗಿ, "ಬೂಜೆಮಾನ ಕಾಲು ಬಂಡೆ ಕೆಳಗೆ ಸಿಕ್ಕಿದೆ. ಮಾತಾಡ್ತಿದಾನೆ, ನೀರು ಕುಡೀತಿದಾನೆ. 'ನಿಧಾನ ಮಾಡೋಕೆ ಹೇಳು ಮಾವನಿಗೆ, ನಾನೇನು ಬಸ್ಸು ಹಿಡೀಬೇಕಾಗಿಲ್ಲ' ಅಂದ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಲಾಲಾ.

ಬಂಡೆ ಸರಿಸಿ ಅವನನ್ನು ಹೊತ್ತು ತರಲು ಸಂದಿ ಅಗಲವಾಗಬೇಕಿತ್ತು. ಇನ್ನೆರಡು ದಿನ ಎಂದರು ಬಾಬಾ. ಆಮೇಲೆ ಯಾರೂ ಅವರನ್ನು ಬೈಯಲಿಲ್ಲ.

ಮೂರನೆಯ ದಿನ ಜನರೆಲ್ಲ ಮಧ್ಯಾಹ್ನದ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಬಾಬಾ ಬಾವಿಗೆ ಬಗ್ಗಿ, "ದಿಮ್ಮಿ ಬಿಡು, ಅಗಿ" ಎನ್ನುತ್ತಿದ್ದರಂತೆ. "ಬಾಬಾ ಅಲ್ಲಾಲ್, ದಿಮ್ಮಿ ಬೇಡ್ವಾ?" ಎಂದು ಮುಬಾರಕ್ ಎರಡು ಸಲ ಕೇಳಿದ. "ಬೇಡ. ಅಗಿ." ಆರು ಬುಟ್ಟಿ ಮೇಲೆ ಬಂದವು. ಏಳನೆಯದಕ್ಕೆ ಹಗ್ಗ ಜಗ್ಗಿದರೆ ಬರಲಿಲ್ಲ.

ಇಬ್ಬರ ದೇಹ ಸಿಕ್ಕಿದ್ದು ಐದು ದಿನದ ಮೇಲೆ. ಬೂಜೆಮಾನನ್ನು ನನಗೆ ಮುಖವಷ್ಟೇ ತೋರಿಸಿದರು.

ಪಂಚಾಯಿತಿ ಕೇಳಿದಾಗ ಬಾಬಾ, "ನನ್ನ ತಾಳ್ಮೆ ಮುಗೀತು" ಎಂದರು. ಅಷ್ಟೇ. ಮುದುಕನಿಗೆ ಬುದ್ಧಿ ಕೆಟ್ಟಿತು ಎಂದುಕೊಂಡು ಹಿರಿತನ ಕಿತ್ತು ತಯ್ಯಿಬ್‌ಗೆ ಕೊಟ್ಟರು. ಕಾಲುವೆ ಮತ್ತೆ ಕುಸಿದು ನೀರು ನಿಂತಿದೆ, ಗೋಧಿ ಹಳದಿಯಾಗಿದೆ. ನಾಡಿದ್ದು ಶನಿವಾರ ನಾಲ್ಕು ಜನರನ್ನು ಒಟ್ಟಿಗೆ ಇಳಿಸುತ್ತಾನಂತೆ ತಯ್ಯಿಬ್, ದಿಮ್ಮಿ ಇಲ್ಲದೆ. ಬರ್ಕನೂ ಇಳಿಯುತ್ತಾನೆ. ಬಾಬಾ ಹೋಗಿ, "ದಿಮ್ಮಿ ಆನಿಸ್ತಾ ಹತ್ತು ದಿನ ಕಾಯಿರಪ್ಪ, ಒಂದು ಬೆಳೆ ಹೋದ್ರೆ ಹೋಗಲಿ" ಎಂದು ಬೇಡಿಕೊಂಡರು. "ನೀನು ತಾಳ್ಮೆ ಪಾಠ ಹೇಳ್ತೀಯಾ? ಎರಡು ಗೋರಿ ಸಾಲ್ದಾ?" ಎಂದನಂತೆ ತಯ್ಯಿಬ್. ಆವತ್ತಿನಿಂದ ಬಾಬಾ ಗೋಡೆಗೊರಗಿ ಕೂತಿದ್ದಾರೆ. ಚಹಾ ಕೊಟ್ಟರೆ ಲೋಟ ಕೈಯಲ್ಲೇ ಆರುತ್ತದೆ.

ನಿನ್ನ ಮಕ್ಕಳು ನೆಲದ ಮೇಲೆ, ಬೆಳಕಿನಲ್ಲಿ ದುಡಿದು ಬದುಕುವಂತೆ ದೇವರು ಮಾಡಲಿ. ನಿನ್ನ ಅತ್ತೆಯ ಎದೆಯ ಉರಿಯನ್ನು ಅವನೇ ತಣಿಸಲಿ.

ನಿನ್ನ ತಂಗಿ,
ಖೈರ

ಬರೆಯದೆ ಬಿಟ್ಟದ್ದು: ಎಲ್ಲರೂ ನಮಾಜಿಗೆ ಹೋದಾಗ ಬಾಬಾನ ಬಳಿ ನಾನಿದ್ದೆ. ನಾನು ಎರಡು ರಾತ್ರಿ ರೆಪ್ಪೆ ಮುಚ್ಚಿರಲಿಲ್ಲ. ಸಫಿಯಳನ್ನು ಅವರ ತೊಡೆಯ ಮೇಲೆ ಹಾಕಿ, "ನಿಮ್ಮ ಸ್ವಂತ ಮಗ ಒಳಗಿದ್ದಿದ್ರೆ ಹೀಗೆ ಸದ್ದು ಕೇಳ್ತಾ ಕೂತಿರ್ತಿದ್ರಾ ಬಾಬಾ? ಇವಳು ದೊಡ್ಡವಳಾಗಿ ಕೇಳಿದ್ರೆ ನೀವೇ ಉತ್ತರ ಹೇಳಿ" ಎಂದೆ. ಊರೆಲ್ಲ ಬೈದರೂ ಅಲುಗದವರು ಮಗುವಿನ ಮುಖ ನೋಡಿದರು. ಅದನ್ನು ನನ್ನ ಕೈಗೆ ಕೊಟ್ಟು ಬಾವಿಗೆ ಬಗ್ಗಿದರು.

"ನೀನು ಈ ಊರಲ್ಲೇ ಮಗು ಸಾಕಬೇಕು, ಬಾಯಿ ಬಿಡಬೇಡ" ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಆದರೆ ಶನಿವಾರ ಹಗ್ಗ ಇಳಿಯುವ ಮೊದಲು ನಾನು ಬಾವಿಯ ಬಳಿ ಹೋಗಿ ಎಲ್ಲರೆದುರು ಹೇಳುತ್ತೇನೆ. ಬಾಬಾನ ತಾಳ್ಮೆ ಮುಗಿದಿರಲಿಲ್ಲ, ನಾನು ಮುರಿದೆ ಎಂದು ಗೊತ್ತಾದರೆ ಅವರ ಮಾತನ್ನು ಮತ್ತೆ ಕೇಳಿಯಾರು. ನಾಲ್ಕು ಜೀವ ಉಳಿದೀತು. ಕೇಳದಿದ್ದರೂ ಹೇಳುತ್ತೇನೆ.

ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳು, ಲಾಲಾ. ಈ ಕೊನೆಯ ಭಾಗವನ್ನೂ.