ಫ್ಯಾನಿನ ಗಾಳಿ

ಅಪ್ಪಾ,

ನೀನು ಹೆಣವಾಗಿ ಕೂತಿದ್ದ ಸಿನಿಮಾ ಕೊನೆಗೂ ಅಥಣಿಯ ಟಾಕೀಸಿಗೆ ಬಂತು. ಸತ್ತ ಮೇಲೂ ಮನೆ ಬಿಟ್ಟು ಹೋಗದ ಯಜಮಾನನ ಕಥೆ. ಇವತ್ತು ಮಧ್ಯಾಹ್ನದ ಆಟಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ.

ಉಗಾರ ಬುದ್ರುಕದಲ್ಲಿ ಶೂಟಿಂಗ್ ಮುಗಿಸಿ, ಹಣೆಯ ವಿಭೂತಿಯನ್ನೂ ಒರೆಸದೆ ನೀನು ಮನೆಗೆ ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಹೆಣಾ ಆಗಿ ಕುಂತು ಬಂದೀರಿ. ಮೊದಲ ಜಳಕಾ ಮಾಡ್ರಿ."

"ಜೀವಂತ ಅದೀನಿ, ಬಾಜೂಕ ಸರಿ," ಎಂದು ನಗುತ್ತ ನೀನು ಒಳಗೆ ಬಂದೆ. ಆ ವರ್ಷದ ದೀಪಾವಳಿಗೆ ನೀನು ಬದುಕಿರಲಿಲ್ಲ.

ಪರದೆಯ ಮೇಲೂ ನಿನ್ನನ್ನು ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಕೊರಳ ತುಂಬ ಹಾರ, ಸುತ್ತ ಭಜನೆ. ಆಮೇಲೆ ನಾವು ಪಡಸಾಲೆಯಲ್ಲಿ ಕೂರಿಸಿದೆವಲ್ಲ, ಥೇಟ್ ಹಾಗೇ. ಕ್ಯಾಮೆರಾ ಹತ್ತಿರ ಬಂದಾಗ ಎದೆಯ ಮೇಲಿನ ಹಾರ ಮೆಲ್ಲಗೆ ಎದ್ದು ಇಳಿಯಿತು. ಹಿಂದಿನ ಸಾಲಿನವನೊಬ್ಬ ನಕ್ಕ.

"ಹೆಣಾ ಉಸರಾಡಾಕತ್ತೈತಿ ನೋಡಲೇ."

ಅವ್ವ ನನ್ನ ಮುಂಗೈ ಹಿಡಿದಳು. "ಶುಭಾ, ಅವತ್ತೂ ಹಿಂಗ ಅಲಗಿತ್ತು. ನಾ ಹೇಳಿದ್ನಿ."

ಹೇಳಿದ್ದಳು. "ಫ್ಯಾನಿನ ಗಾಳಿ ಬೇ ಯವ್ವಾ," ಅಂದಿದ್ದೆ ನಾನು. ಹೊಲದಲ್ಲಿ ಕುಣಿ ತೋಡಿಯಾಗಿತ್ತು, ಜನ ಕಾಯುತ್ತಿದ್ದರು.

ಈಗ ಅದೇ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನನ್ನು ಆನಿಸಿದ್ದ ಗೋಡೆಯ ಮೇಲೆ ನಿನ್ನ ಫೋಟೋ ಇದೆ. ಬರುವಾಗ ತಂದ ಚೆಂಡುಹೂವಿನ ಹಾರವನ್ನು ಅದಕ್ಕೆ ಹಾಕಿದ್ದೇನೆ. ಮೇಲೆ ಅದೇ ಫ್ಯಾನ್ ಜೋರಾಗಿ ತಿರುಗುತ್ತಿದೆ.

ಹಾರ ಅಲುಗುತ್ತಿಲ್ಲ, ಅಪ್ಪಾ.